ವಿಶ್ವವಿದ್ಯಾಲಯದಲ್ಲಿ ವೃದ್ಧಾಪ್ಯಶಾಸ್ತ್ರದ ಅಧ್ಯಯನ: ವಿಷಯದ ಆಯ್ಕೆಯಿಂದ ಸಂಶೋಧನೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

2011ರ ಜನಗಣತಿಯ ವೇಳೆಗೆ ಭಾರತದಲ್ಲಿ ಅರವತ್ತು ವರ್ಷ ತುಂಬಿದವರ ಸಂಖ್ಯೆ 10.38 ಕೋಟಿಯಷ್ಟಿತ್ತು. ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ದೇಶಕ್ಕೆ ಶೇ. 8.6, ಕೇರಳದಲ್ಲಿ ಶೇ. 12.6, ಕರ್ನಾಟಕದಲ್ಲಿ ಶೇ. 9.5. ಜನ ಹೆಚ್ಚು ಕಾಲ ಬದುಕುತ್ತಿರುವುದರಿಂದಲೇ ಈ ಪಾಲು ಏರುತ್ತಿದೆ ಎಂದು ಹಲವರು ತಿಳಿದಿರುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆಯ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿತ್ತು. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಪೂರ್ತಿಯಾಗಿ ತುಂಬಲು 2.1ರಷ್ಟಾದರೂ ಬೇಕು. ವಿಷಯ ಇಷ್ಟು ತುರ್ತಿನದಾಗಿದ್ದರೂ ಇದನ್ನು ಎಲ್ಲಿ, ಹೇಗೆ ಓದಬೇಕೆಂಬ ಪ್ರಶ್ನೆಗೆ ನಮ್ಮ ಕಾಲೇಜುಗಳಲ್ಲಿ ಸ್ಪಷ್ಟ ಉತ್ತರ ಸಿಗುವುದು ಅಪರೂಪ. ಪಿಯುಸಿ ಮುಗಿಸಿದವರು, ಪದವಿಯ ಕೊನೆಯ ವರ್ಷದಲ್ಲಿರುವವರು ಮತ್ತು ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ನಮ್ಮ ದೇಶದ ಸದ್ಯದ ವ್ಯವಸ್ಥೆಯಲ್ಲಿ ವೃದ್ಧಾಪ್ಯಶಾಸ್ತ್ರವನ್ನು ಪದವಿಯ ಹೆಸರಾಗಿ ಹುಡುಕುವುದಕ್ಕಿಂತ, ಗಟ್ಟಿಯಾದ ಒಂದು ಮೂಲಶಾಸ್ತ್ರದೊಳಗಿನಿಂದ ಅದನ್ನು ಪ್ರವೇಶಿಸುವುದು ಲೇಸು ಎಂಬ ನಿಲುವು ಇದರ ಹಿಂದಿದೆ.

ಮೊದಲ ಹಂತ: ಮೂರು ದಾರಿಗಳನ್ನು ಬೇರ್ಪಡಿಸಿಕೊಳ್ಳುವುದು

ಪ್ರವೇಶ ಪ್ರಕಟಣೆಗಳಲ್ಲಿ ಜೆರೊಂಟಾಲಜಿ, ಜೆರಿಯಾಟ್ರಿಕ್ಸ್, ಹಿರಿಯರ ಆರೈಕೆ ಎಂಬ ಮೂರೂ ಮಾತುಗಳು ಒಂದೇ ಅರ್ಥದಲ್ಲಿ ಬಳಕೆಯಾಗುವುದರಿಂದ ವಿದ್ಯಾರ್ಥಿಗಳು ಬೇಡದ ಕೋರ್ಸಿಗೆ ಹಣ ಕಟ್ಟುವ ಸಂಭವವಿದೆ. ವೃದ್ಧಾಪ್ಯಶಾಸ್ತ್ರಕ್ಕೆ ಜೆರೊಂಟಾಲಜಿ ಎಂಬ ಹೆಸರನ್ನು 1903ರಲ್ಲಿ ಬಳಕೆಗೆ ತಂದವರು ಜೀವಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್. ವಯಸ್ಸಾಗುವಿಕೆಯನ್ನು ಜೀವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಮುಂತಾದ ಎಲ್ಲ ದಿಕ್ಕುಗಳಿಂದ ನೋಡುವ ಶಾಸ್ತ್ರ ಅದು. 1909ರಲ್ಲಿ ಇಗ್ನಾಟ್ಸ್ ನ್ಯಾಶರ್ ಹೆಸರಿಟ್ಟ ಜೆರಿಯಾಟ್ರಿಕ್ಸ್ ವೈದ್ಯಕೀಯದ ಒಂದು ಶಾಖೆಯಾಗಿದ್ದು, ಅದಕ್ಕೆ ಎಂಬಿಬಿಎಸ್ ಪದವಿಯೇ ಬಾಗಿಲು. ಮೂರನೆಯದು ಮನೆಯಲ್ಲೋ ಆಶ್ರಯಧಾಮದಲ್ಲೋ ಹಿರಿಯರನ್ನು ನೋಡಿಕೊಳ್ಳಲು ಬೇಕಾದ ಕೌಶಲಗಳ ತರಬೇತಿ. ಇದರ ಅವಧಿ ಕೆಲವು ವಾರಗಳಿಂದ ಒಂದು ವರ್ಷದವರೆಗೆ ಇರುತ್ತದೆ.

ವೈದ್ಯಕೀಯದ ದಾರಿ ಹಿಡಿಯುವವರಿಗೆ ನಕ್ಷೆ ಸಾಕಷ್ಟು ಸ್ಪಷ್ಟವಾಗಿದೆ. ಎಂಬಿಬಿಎಸ್ ನಂತರ ನೀಟ್ ಪಿಜಿ ಬರೆದು ಮೂರು ವರ್ಷಗಳ ಎಂಡಿ ಜೆರಿಯಾಟ್ರಿಕ್ಸ್ ಮಾಡಬಹುದು. ಈ ಎಂಡಿ ದೇಶದಲ್ಲಿ ಮೊದಲು ಆರಂಭವಾದದ್ದು ಚೆನ್ನೈನ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ, 1996ರಲ್ಲಿ. ಅಲ್ಲಿ ಹಿರಿಯರಿಗೆಂದೇ ಪ್ರತ್ಯೇಕ ವಿಭಾಗವನ್ನು ಕಟ್ಟಿದವರು ಡಾ. ವಿ. ಎಸ್. ನಟರಾಜನ್. ಮನೋವೈದ್ಯರಾದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರ ಮನೋವೈದ್ಯದಲ್ಲಿ ಡಿಎಂ ಎಂಬ ಉನ್ನತ ಪರಿಣತಿಯ ಪದವಿ ಮಾಡಲು ಅವಕಾಶವಿದೆ. ವೃತ್ತಿಯಲ್ಲಿರುವ ವೈದ್ಯರಿಗಾಗಿ ಇಗ್ನೊ ವಿಶ್ವವಿದ್ಯಾಲಯ ಜೆರಿಯಾಟ್ರಿಕ್ ಮೆಡಿಸಿನ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ. ವೈದ್ಯರಲ್ಲದವರು ಜೆರಿಯಾಟ್ರಿಕ್ ಎಂಬ ಹೆಸರಿನ ಯಾವುದೇ ಕೋರ್ಸಿಗೆ ಸೇರುವ ಮೊದಲು, ಅದು ಕೊಡುವ ಅರ್ಹತೆಯಿಂದ ಏನನ್ನು ಮಾಡಬಹುದು, ಏನನ್ನು ಮಾಡುವಂತಿಲ್ಲ ಎಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು. ಇನ್ನು ಮುಂದಿನ ಹಂತಗಳು ವೈದ್ಯರಲ್ಲದ ವಿದ್ಯಾರ್ಥಿಗಳನ್ನು ಕುರಿತವು.

ಎರಡನೆಯ ಹಂತ: ಮೂಲಶಾಸ್ತ್ರದ ಆಯ್ಕೆ

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯೊನಾರ್ಡ್ ಡೇವಿಸ್ ಶಾಲೆ 1975ರಿಂದ ವೃದ್ಧಾಪ್ಯಶಾಸ್ತ್ರವನ್ನೇ ಪೂರ್ಣ ಪದವಿಯಾಗಿ ಕಲಿಸುತ್ತಾ ಬಂದಿದೆ. ನಮ್ಮಲ್ಲಿ ಅಂತಹ ಪೂರ್ಣ ಪದವಿ ಅಪರೂಪ. ಯುಜಿಸಿ ನೆಟ್ ಪರೀಕ್ಷೆಯಲ್ಲಿಯೂ ವೃದ್ಧಾಪ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಷಯದ ಸ್ಥಾನವಿಲ್ಲ. ಆದುದರಿಂದ ಮುಂದೆ ಅಧ್ಯಾಪಕರಾಗಬೇಕೆನ್ನುವವರು ಸಮಾಜಕಾರ್ಯ, ಸಮಾಜಶಾಸ್ತ್ರ, ಮನೋವಿಜ್ಞಾನ, ಜನಸಂಖ್ಯಾ ಅಧ್ಯಯನ, ಗೃಹವಿಜ್ಞಾನ, ಅರ್ಥಶಾಸ್ತ್ರ ಇವುಗಳಲ್ಲಿ ಒಂದನ್ನು ಹೇಗೂ ಹಿಡಿಯಲೇಬೇಕಾಗುತ್ತದೆ. ಇದನ್ನು ಕೊರತೆಯೆಂದು ಮಾತ್ರ ಭಾವಿಸಬೇಕಾಗಿಲ್ಲ. ಒಂದು ಶಾಸ್ತ್ರದ ಶಿಸ್ತಿನಲ್ಲಿ ಪಳಗಿದವರು ವೃದ್ಧಾಪ್ಯದ ಪ್ರಶ್ನೆಗೆ ಬಂದಾಗ ಅವರ ಕೈಯಲ್ಲಿ ಕೆಲಸದ ಸಾಧನಗಳಿರುತ್ತವೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿದವರ ಬಳಿ ಹೆಚ್ಚಿನ ವೇಳೆ ಒಳ್ಳೆಯ ಉದ್ದೇಶವೊಂದೇ ಇರುತ್ತದೆ.

ಆಯ್ಕೆ ನಿಮ್ಮನ್ನು ಕಾಡುವ ಪ್ರಶ್ನೆಯನ್ನು ಅವಲಂಬಿಸಲಿ. ಪಿಂಚಣಿ, ದುಡಿಮೆ, ಆಸ್ತಿಯ ಹಂಚಿಕೆ ಇವುಗಳಲ್ಲಿ ಆಸಕ್ತಿಯಿದ್ದರೆ ಅರ್ಥಶಾಸ್ತ್ರವೋ ಜನಸಂಖ್ಯಾ ಅಧ್ಯಯನವೋ ಸೂಕ್ತ. ಜನಸಂಖ್ಯಾ ಅಧ್ಯಯನಕ್ಕೆ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ದೇಶದ ಪ್ರಮುಖ ಕೇಂದ್ರ. ಪಿಎಚ್‌ಡಿ ಹಂತದಲ್ಲಿ ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಗಮನಿಸಬೇಕು. ಮರೆವು, ಖಿನ್ನತೆ, ಆರೈಕೆ ಮಾಡುವವರ ದಣಿವು ಇವುಗಳತ್ತ ಒಲವಿರುವವರಿಗೆ ಮನೋವಿಜ್ಞಾನವೋ ಸಮಾಜಕಾರ್ಯವೋ ಹೊಂದುತ್ತದೆ. ಮನೋವಿಜ್ಞಾನದ ವಿದ್ಯಾರ್ಥಿಗಳು ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಪಿ. ವಿ. ರಾಮಮೂರ್ತಿ ಅವರ ನೇತೃತ್ವದಲ್ಲಿ ನಡೆದ ವೃದ್ಧಾಪ್ಯ ಸಂಶೋಧನೆಯ ಪರಂಪರೆಯನ್ನು ತಿಳಿದಿರಬೇಕು. ಕರ್ನಾಟಕದ ಗಡಿಯಾಚೆ ಇಷ್ಟು ಹತ್ತಿರದಲ್ಲಿ ನಡೆದ ಆ ಕೆಲಸವನ್ನು ನಮ್ಮವರು ಓದಿರುವುದು ಕಡಿಮೆ. ನರ್ಸಿಂಗ್ ಮತ್ತು ಫಿಸಿಯೋಥೆರಪಿ ಓದುವವರು ಸಮುದಾಯ ವಿಭಾಗವನ್ನು ಆರಿಸಿಕೊಂಡರೆ ಹಿರಿಯರೊಡನೆ ಕೆಲಸ ಮಾಡುವ ಅವಕಾಶ ತಾನಾಗಿ ಒದಗುತ್ತದೆ.

ಮೂರನೆಯ ಹಂತ: ಕೋರ್ಸನ್ನು ಪರೀಕ್ಷಿಸುವುದು

ಮೂಲಶಾಸ್ತ್ರದ ಜೊತೆಗೆ ಡಿಪ್ಲೊಮಾ ಒಂದನ್ನು ಸೇರಿಸಿಕೊಳ್ಳುವುದು ಜಾಣತನವಾಗಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅಡಿಯಲ್ಲಿರುವ ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಹಿರಿಯರ ಸಮಗ್ರ ಆರೈಕೆಯ ಬಗ್ಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನೂ ಚಿಕ್ಕ ತರಬೇತಿಗಳನ್ನೂ ರೂಪಿಸಿದೆ. 1988ರಲ್ಲಿ ಆರಂಭವಾದ ಕಲ್ಕತ್ತಾ ಮೆಟ್ರೊಪಾಲಿಟನ್ ಜೆರೊಂಟಾಲಜಿ ಸಂಸ್ಥೆಯೂ ತರಬೇತಿ ನೀಡುತ್ತದೆ. ಇಂತಹ ಕೋರ್ಸುಗಳು ಒಂದು ವರ್ಷ ನಡೆದು ಮರುವರ್ಷ ನಿಲ್ಲುವುದುಂಟು. ಹಳೆಯ ಕರಪತ್ರವನ್ನು ನಂಬದೆ ಆ ಸಾಲಿನ ಪ್ರಕಟಣೆಯನ್ನೇ ನೋಡಿ.

ಯಾವ ಸಂಸ್ಥೆಯಾದರೂ ಸರಿ, ಶುಲ್ಕ ಕಟ್ಟುವ ಮೊದಲು ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಪದವಿಯನ್ನು ನೀಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ, ಬೋಧಕರಲ್ಲಿ ವೃದ್ಧಾಪ್ಯದ ಬಗ್ಗೆ ಸ್ವತಃ ಸಂಶೋಧನೆ ಮಾಡಿದವರು ಒಬ್ಬರಾದರೂ ಇದ್ದಾರೆಯೇ, ಕ್ಷೇತ್ರಕಾರ್ಯ ವಾರಕ್ಕೆ ಎಷ್ಟು ಗಂಟೆ ಮತ್ತು ಅದನ್ನು ಯಾರು ಮೇಲ್ವಿಚಾರಿಸುತ್ತಾರೆ, ಸಂಖ್ಯಾಶಾಸ್ತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆಯೇ ಅಥವಾ ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಬಿಡುತ್ತಾರೆಯೇ ಎಂದು ಕೇಳಿ. ಎಲ್ಲಕ್ಕಿಂತ ಉಪಯುಕ್ತವಾದದ್ದು ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ಕೂತು ತಿರುವಿ ಹಾಕುವುದು. ಎಲ್ಲ ಪ್ರಬಂಧಗಳೂ ಊರ ಪಕ್ಕದ ಒಂದೇ ವೃದ್ಧಾಶ್ರಮದ ಮೂವತ್ತು ಜನರ ಮೇಲೆ ನಿಂತಿದ್ದರೆ, ಅಲ್ಲಿ ನಿಮಗೂ ಅದೇ ಕಾದಿದೆ ಎಂದು ತಿಳಿಯಬಹುದು.

ನಾಲ್ಕನೆಯ ಹಂತ: ತಳಹದಿಯ ಓದು

ಮೊದಲ ವರ್ಷದಲ್ಲಿ ಹಲವು ದಿಕ್ಕಿನ ಓದು ಒಟ್ಟಿಗೆ ಸಾಗಬೇಕು. ಜೀವಶಾಸ್ತ್ರದಲ್ಲಿ, ಮನುಷ್ಯನ ಸಾಮಾನ್ಯ ಜೀವಕೋಶಗಳು ಅನಂತವಾಗಿ ವಿಭಜನೆಗೊಳ್ಳಲಾರವೆಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದ ಪ್ರಯೋಗದಿಂದ ಆರಂಭಿಸಿ, ವರ್ಣತಂತುಗಳ ತುದಿಯ ಟೆಲೊಮಿಯರ್‌ಗಳ ಕುರಿತು 2009ರ ನೊಬೆಲ್ ಪಡೆದ ಸಂಶೋಧನೆಯವರೆಗೆ ತಿಳಿದರೆ ಸಮಾಜವಿಜ್ಞಾನದ ವಿದ್ಯಾರ್ಥಿಗೆ ಸಾಕು.

ಸಾಮಾಜಿಕ ಸಿದ್ಧಾಂತಗಳಿಗೆ ಹೆಚ್ಚು ಸಮಯ ಕೊಡಬೇಕು. ವಯಸ್ಸಾದಂತೆ ವ್ಯಕ್ತಿಯೂ ಸಮಾಜವೂ ಪರಸ್ಪರ ಒಪ್ಪಿಗೆಯಿಂದ ದೂರ ಸರಿಯುತ್ತವೆ ಎಂಬ ಕಮಿಂಗ್ ಮತ್ತು ಹೆನ್ರಿ ಅವರ 1961ರ ವಾದ, ಅದಕ್ಕೆ ಎದುರಾಗಿ, ಚಟುವಟಿಕೆಯಿಂದಿದ್ದರೆ ಮುಪ್ಪು ಚೆನ್ನಾಗಿ ಸಾಗುತ್ತದೆ ಎಂದು ಹ್ಯಾವಿಗ್ಹರ್ಸ್ಟ್ ಮುಂದಿಟ್ಟ ಸಕ್ರಿಯತೆಯ ವಾದ, ಮುಪ್ಪನ್ನು ಇಡೀ ಬದುಕಿನ ಹಾದಿಯ ಭಾಗವಾಗಿ ನೋಡುವ ಗ್ಲೆನ್ ಎಲ್ಡರ್ ಅವರ ಜೀವನಪಥದ ದೃಷ್ಟಿ, ವಯಸ್ಸಿನ ಆಧಾರದ ಮೇಲಿನ ತಾರತಮ್ಯಕ್ಕೆ ರಾಬರ್ಟ್ ಬಟ್ಲರ್ 1969ರಲ್ಲಿ ಹೆಸರು ಕೊಟ್ಟ ಸಂದರ್ಭ, ಇವೆಲ್ಲ ಪಠ್ಯಕ್ರಮದಲ್ಲಿ ಬಂದೇ ಬರುತ್ತವೆ. ಮೊದಲನೆಯದನ್ನು ಓದಿದ ಕೂಡಲೇ ಅದನ್ನು ನಮ್ಮ ವಾನಪ್ರಸ್ಥಕ್ಕೆ ಸಮೀಕರಿಸಿ ಉತ್ತರಪತ್ರಿಕೆಯಲ್ಲಿ ಬರೆಯುವ ಚಾಳಿ ನಮ್ಮ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಆಶ್ರಮಧರ್ಮವು ಕೆಲವು ವರ್ಗದ ಗಂಡಸರಿಗೆ ಹೇಳಿದ ಆದರ್ಶ. ಎಪ್ಪತ್ತೈದರಲ್ಲೂ ಕೂಲಿಗೆ ಹೋಗುವ ಭೂಹೀನ ಹೆಂಗಸಿನ ಬದುಕನ್ನು ಅದು ವಿವರಿಸುವುದಿಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದಾರೆ ಎಂಬ ಸಮೀಕ್ಷೆಯ ಮಾಹಿತಿಯನ್ನು ದೂರ ಸರಿಯುವಿಕೆಯ ಆ ಸಿದ್ಧಾಂತದ ಎದುರಿಗಿಟ್ಟು ಓದುವುದು ಒಳ್ಳೆಯ ಅಭ್ಯಾಸ.

ಕಾನೂನಿನ ಓದಿಗೆ 1999ರ ಹಿರಿಯ ನಾಗರಿಕರ ರಾಷ್ಟ್ರೀಯ ನೀತಿ ಮತ್ತು 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಜೀವನಾಂಶ ಮತ್ತು ಕಲ್ಯಾಣ ಕಾಯ್ದೆ ಎರಡನ್ನೂ ಮೂಲದಲ್ಲಿಯೇ ಓದಿ. ಕರ್ನಾಟಕದಲ್ಲಿ ಈ ಕಾಯ್ದೆಯ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುತ್ತಾರೆ. ಕಾಯ್ದೆಯ 23ನೇ ಪ್ರಕರಣ ವಿಶೇಷವಾಗಿ ಗಮನಾರ್ಹ: ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದುಗೊಳಿಸಲು ಅದು ಅವಕಾಶ ಕೊಡುತ್ತದೆ. ಈ ಷರತ್ತನ್ನು ಎಷ್ಟು ಕಟ್ಟುನಿಟ್ಟಾಗಿ ಅರ್ಥೈಸಬೇಕೆಂಬ ಬಗ್ಗೆ ಸುಪ್ರೀಂ ಕೋರ್ಟಿನ 2022ರ ಮತ್ತು 2025ರ ತೀರ್ಪುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ, ಕುಟುಂಬದೊಳಗಿನ ನಂಬಿಕೆಯನ್ನು ಕಾಗದಕ್ಕೆ ಇಳಿಸುವಾಗ ಎಂತಹ ತೊಡಕುಗಳು ಏಳುತ್ತವೆ ಎಂಬುದು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. 1969ರಿಂದ ಪ್ರಕಟವಾಗುತ್ತಿರುವ ಜಯಪುರದ ಇಂಡಿಯನ್ ಜರ್ನಲ್ ಆಫ್ ಜೆರೊಂಟಾಲಜಿಯ ಹಳೆಯ ಸಂಚಿಕೆಗಳು ನಮ್ಮ ದೇಶದ ಸಂಶೋಧನೆ ಹೇಗೆ ಬೆಳೆಯಿತೆಂಬುದನ್ನು ತೋರಿಸುತ್ತವೆ.

ಐದನೆಯ ಹಂತ: ಅಂಕಿಅಂಶಗಳನ್ನು ಕೈಯಾರೆ ಬಿಡಿಸುವುದು

ಭಾರತದ ವಿದ್ಯಾರ್ಥಿಗೆ ಈಗ ದೊರೆಯುವ ದೊಡ್ಡ ಸಂಪತ್ತು ಲಾಸಿ ಎಂದು ಕರೆಯಲಾಗುವ ವೃದ್ಧಾಪ್ಯದ ದೀರ್ಘಕಾಲಿಕ ಸಮೀಕ್ಷೆ. ಇದರ ಮೊದಲ ಸುತ್ತು 2017ರಿಂದ ನಡೆದು, ವರದಿ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. 45 ವರ್ಷ ಮೇಲ್ಪಟ್ಟವರು ಮತ್ತು ಅವರ ಸಂಗಾತಿಗಳು ಸೇರಿ 72,250 ಜನರನ್ನು ಅದು ಒಳಗೊಂಡಿತ್ತು. ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿ, ಉದ್ದೇಶವನ್ನು ವಿವರಿಸಿ, ಈ ದತ್ತಾಂಶವನ್ನು ವಿದ್ಯಾರ್ಥಿಗಳೂ ಪಡೆಯಬಹುದು. ಇದರ ಜೊತೆಗೂಡಿದ ಮರೆವಿನ ಕಾಯಿಲೆಯ ಅಧ್ಯಯನವು ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇರಬಹುದೆಂದು 2023ರಲ್ಲಿ ಅಂದಾಜಿಸಿತು.

ದತ್ತಾಂಶ ಕೈಗೆ ಬಂದ ಮೇಲೆ ಕೋಷ್ಟಕಗಳನ್ನು ತಯಾರಿಸಲು ಅವಸರಿಸಬೇಡಿ. ಪ್ರಶ್ನಾವಳಿಯನ್ನು ಆದಿಯಿಂದ ಅಂತ್ಯದವರೆಗೆ ಓದಿ. ಒಂದು ಪ್ರಶ್ನೆಯನ್ನು ಯಾರಿಗೆ ಕೇಳಲಾಯಿತು, ಯಾರಿಗೆ ಬಿಡಲಾಯಿತು ಎಂಬುದನ್ನು ಗುರುತು ಮಾಡಿಕೊಳ್ಳಿ. ಮಾದರಿಯ ತೂಕಗಳನ್ನು (ಉತ್ತರಿಸಿದ ಒಬ್ಬೊಬ್ಬರೂ ಜನಸಂಖ್ಯೆಯಲ್ಲಿ ಎಷ್ಟು ಮಂದಿಯನ್ನು ಪ್ರತಿನಿಧಿಸುತ್ತಾರೆಂದು ಹೇಳುವ ಸಂಖ್ಯೆಗಳನ್ನು) ಬಳಸದೆ ಯಾವ ಶೇಕಡಾವಾರನ್ನೂ ಬರೆಯಬೇಡಿ. ಸಮೀಕ್ಷೆ ರಾಜ್ಯದ ಮಟ್ಟಕ್ಕೆ ಪ್ರಾತಿನಿಧಿಕವಾಗಿದೆಯೇ ಹೊರತು ಜಿಲ್ಲೆಯ ಮಟ್ಟಕ್ಕಲ್ಲ. ಆದ್ದರಿಂದ ಅದನ್ನು ಹಿಡಿದುಕೊಂಡು ರಾಯಚೂರಿನ ಹಿರಿಯರ ಸ್ಥಿತಿ ಇಂಥದ್ದು ಎಂದು ಹೇಳಲು ಬರುವುದಿಲ್ಲ.

ಇಲ್ಲಿಯೇ ಕಲಿಯಬೇಕಾದ ಇನ್ನೊಂದು ಮುಖ್ಯ ವಿವೇಚನೆಯಿದೆ. ಇಂದು ಎಂಬತ್ತರ ಹೆಂಗಸರಲ್ಲಿ ಓದುಬರಹ ಬಲ್ಲವರು ಅರವತ್ತರವರಿಗಿಂತ ಕಡಿಮೆ ಎಂದರೆ ವಯಸ್ಸಾದಂತೆ ಅಕ್ಷರ ಮರೆಯುತ್ತದೆ ಎಂದರ್ಥವಲ್ಲ. ಅವರು ಹುಡುಗಿಯರಾಗಿದ್ದಾಗ ಊರಿನಲ್ಲಿ ಶಾಲೆಯಿರಲಿಲ್ಲ ಅಥವಾ ಇದ್ದರೂ ಅವರನ್ನು ಕಳಿಸಲಿಲ್ಲ. ವಯಸ್ಸಿನ ಪರಿಣಾಮ, ಹುಟ್ಟಿದ ಕಾಲದ ಪರಿಣಾಮ, ಸಮೀಕ್ಷೆ ನಡೆದ ಹೊತ್ತಿನ ಪರಿಣಾಮ ಈ ಮೂರನ್ನು ಒಂದೇ ಬಾರಿ ಮಾಡಿದ ಸಮೀಕ್ಷೆಯಿಂದ ಬೇರ್ಪಡಿಸಲಾಗದು. ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿದಾಗ ಬುದ್ಧಿಶಕ್ತಿ ಬೇಗನೆ ಕುಸಿದಂತೆ ಕಂಡಿತು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಕುಸಿತ ಬಹಳ ತಡವಾಗಿ ಆರಂಭವಾಗುವುದು ಗೊತ್ತಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ದೀರ್ಘಕಾಲ ಹಿಂಬಾಲಿಸುತ್ತಿರುವುದು ಈ ಕಾರಣಕ್ಕಾಗಿಯೇ ಮಹತ್ವದ್ದು.

ಆರನೆಯ ಹಂತ: ಹಿರಿಯರ ಮುಂದೆ ಕೂರುವುದು

ಕ್ಷೇತ್ರಕಾರ್ಯದ ಮೊದಲ ತೊಡಕು ವಯಸ್ಸೇ. ಹುಟ್ಟಿದ ದಿನಾಂಕ ಗೊತ್ತಿಲ್ಲದ ಹಿರಿಯರು ಅರವತ್ತು, ಅರವತ್ತೈದು, ಎಪ್ಪತ್ತು ಎಂದು ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಯನ್ನೇ ಹೇಳುತ್ತಾರೆ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದ್ದರೆ ಅದೂ ಅಂದಾಜೇ ಆಗಿರುವ ಸಂಭವ ಹೆಚ್ಚು. ಜನಸಂಖ್ಯಾ ಅಧ್ಯಯನದವರು ಇದಕ್ಕೆ ಘಟನಾ ಪಟ್ಟಿಯನ್ನು ಬಳಸುತ್ತಾರೆ. ಗಾಂಧಿ ತೀರಿಕೊಂಡಾಗ ಎಷ್ಟು ದೊಡ್ಡವರಿದ್ದಿರಿ, 1956ರಲ್ಲಿ ರಾಜ್ಯ ಒಂದಾದಾಗ ಶಾಲೆಗೆ ಹೋಗುತ್ತಿದ್ದಿರಾ, 1962ರ ಚೀನಾ ಯುದ್ಧಕ್ಕೆ ಮೊದಲು ಮದುವೆಯಾಗಿತ್ತೇ, ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತ ವರ್ಷ ಮೊದಲ ಮಗುವಿಗೆ ಎಷ್ಟು ವಯಸ್ಸು ಎಂದು ಕೇಳುತ್ತಾ ಹೋದರೆ ಹುಟ್ಟಿದ ವರ್ಷವನ್ನು ಸಾಕಷ್ಟು ಹತ್ತಿರಕ್ಕೆ ತರಬಹುದು. ಇದಕ್ಕೆ ಆಯಾ ತಾಲ್ಲೂಕಿನ ಬರ, ನೆರೆ, ಅಣೆಕಟ್ಟಿನ ಕೆಲಸ, ದೊಡ್ಡ ಜಾತ್ರೆ ಮುಂತಾದವನ್ನು ಸೇರಿಸಿ, ಕ್ಷೇತ್ರಕ್ಕೆ ಹೋಗುವ ಮುನ್ನವೇ ಸ್ಥಳೀಯ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಳ್ಳಬೇಕು.

ಎರಡನೆಯದು ಅಳತೆಯ ಸಾಧನಗಳು. ದಿನನಿತ್ಯದ ಸ್ವಾವಲಂಬನೆಗೆ 1963ರ ಕ್ಯಾಟ್ಜ್ ಸೂಚಿ, ಮನೆ ನಡೆಸುವ ಕೆಲಸ ಮತ್ತು ಹೊರಗಿನ ವ್ಯವಹಾರಗಳಿಗೆ 1969ರ ಲಾಟನ್ ಮಾಪಕ, ಖಿನ್ನತೆಗೆ ಹೌದು–ಇಲ್ಲ ಉತ್ತರಗಳ ವೃದ್ಧರ ಖಿನ್ನತಾ ಮಾಪಕ ಹೆಚ್ಚು ಬಳಕೆಯಲ್ಲಿವೆ. ಯಾವುದನ್ನೇ ಬಳಸಿದರೂ ಕನ್ನಡದಲ್ಲಿ ಪ್ರಮಾಣೀಕರಿಸಿದ ರೂಪವಿದೆಯೇ ಎಂದು ಮೊದಲು ಹುಡುಕಿ. ಸ್ವಂತ ಅನುವಾದ ಮಾಡಿಕೊಂಡು ಅದೇ ಅಂಕಗಳನ್ನು ಅನ್ವಯಿಸುವುದು ಸರಿಯಲ್ಲ. ಲಾಟನ್ ಮಾಪಕದಲ್ಲಿ ಅಡುಗೆ, ಬಟ್ಟೆ ಒಗೆಯುವುದು ಸೇರಿವೆ. ಜೀವಮಾನದಲ್ಲಿ ಒಲೆ ಹಚ್ಚದ ಗಂಡಸು ಅಡುಗೆ ಮಾಡಲಾರೆ ಎಂದರೆ ಅದು ದೇಹದ ಅಸಾಮರ್ಥ್ಯವಲ್ಲ, ಮನೆಯ ಪದ್ಧತಿ. ಮೂಲ ಮಾಪಕದಲ್ಲಿಯೇ ಗಂಡಸರಿಗೆ ಕೆಲವು ಅಂಶಗಳನ್ನು ಬಿಡಲಾಗಿತ್ತು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಜ್ಞಾಪಕಶಕ್ತಿಯ ಪರೀಕ್ಷೆಗಳಲ್ಲಿ ವಾಕ್ಯ ಬರೆಯಿರಿ, ನೂರರಿಂದ ಏಳು ಕಳೆಯುತ್ತಾ ಹೋಗಿ ಎಂಬ ಪ್ರಶ್ನೆಗಳು ಅನಕ್ಷರಸ್ಥರನ್ನು ರೋಗಿಗಳನ್ನಾಗಿ ತೋರಿಸುತ್ತವೆ. ಹರಿಯಾಣದ ಬಲ್ಲಭಗಢದಲ್ಲಿ ಹಿಂದಿ ಮಾನಸಿಕ ಸ್ಥಿತಿ ಪರೀಕ್ಷೆಯನ್ನು ರೂಪಿಸಿದ್ದು ಈ ತೊಂದರೆಯನ್ನು ನಿವಾರಿಸಲೆಂದೇ.

ಮೂರನೆಯದು ಮಾತುಕತೆ. ಮೈಸೂರು ಕಡೆ ತಾತ, ಅಜ್ಜಿ ಎಂದರೆ ಸರಿಹೋಗುತ್ತದೆ. ಕಲಬುರಗಿ, ವಿಜಯಪುರದ ಕಡೆ ಮುತ್ಯಾ, ಆಯಿ ಎನ್ನುವುದು ವಾಡಿಕೆ. ಕಿವಿ ಮಂದವಾದವರ ಎದುರು ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು, ಕೂಗದೆ, ನಿಧಾನವಾಗಿ, ತಗ್ಗಿನ ಶ್ರುತಿಯಲ್ಲಿ ಮಾತನಾಡಿ. ಹೇಗಿದ್ದೀರಿ ಎಂದು ಕೇಳಿದರೆ, “ಏನೋ ಇದ್ದೀನಪ್ಪ, ದೇವರು ಕರಕೊಂಡ್ರೆ ಸಾಕು” ಎಂಬ ಉತ್ತರ ಎಲ್ಲೆಡೆ ಬರುತ್ತದೆ. ಅದು ಬಹಳ ಸಲ ಮಾತಿನ ರೂಢಿ. ಕೆಲವು ಸಲ ನಿಜವಾದ ಹತಾಶೆ. ನಿದ್ದೆ, ಊಟ, ದೇವಸ್ಥಾನಕ್ಕೋ ಕಟ್ಟೆಗೋ ಹೋಗುವ ಅಭ್ಯಾಸ ಇವುಗಳ ಬಗ್ಗೆ ಮುಂದುವರಿಸಿ ಕೇಳದೆ ಅದನ್ನು ಎರಡರಲ್ಲಿ ಯಾವುದೆಂದೂ ತೀರ್ಮಾನಿಸಬಾರದು. ಮಗನೋ ಸೊಸೆಯೋ ಪಕ್ಕದಲ್ಲಿ ಕುಳಿತಿರುವಾಗ ದೌರ್ಜನ್ಯದ ಪ್ರಶ್ನೆಗಳನ್ನು ಕೇಳುವುದು ವ್ಯರ್ಥ ಮಾತ್ರವಲ್ಲ, ಆ ಹಿರಿಯರಿಗೆ ಅಪಾಯಕಾರಿ. ಅಂತಹ ಪ್ರಶ್ನೆಗಳಿಗೆ ಪ್ರತ್ಯೇಕ ಸಮಯ, ಪ್ರತ್ಯೇಕ ಜಾಗ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡಿ. ಯಾರಾದರೂ ಹಿಂಸೆಯನ್ನು ಹೇಳಿಕೊಂಡರೆ ಏನು ಮಾಡಬೇಕೆಂಬುದನ್ನು ಮಾರ್ಗದರ್ಶಕರೊಡನೆ ಮೊದಲೇ ಬರೆದಿಟ್ಟುಕೊಳ್ಳಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಮತ್ತು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಆ ಟಿಪ್ಪಣಿಯಲ್ಲಿರಲಿ.

ಒಪ್ಪಿಗೆಯ ವಿಧಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೇ ಆಧಾರ. ಓದಲು ಬಾರದವರ ಹೆಬ್ಬೆಟ್ಟು ಪಡೆಯುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಹಾಜರಿರಬೇಕು. ಮರೆವಿನ ಕಾಯಿಲೆಯಿಂದ ನಿರ್ಧಾರಶಕ್ತಿ ಕುಂದಿದವರ ಪರವಾಗಿ ಕಾನೂನುಬದ್ಧ ಪ್ರತಿನಿಧಿ ಒಪ್ಪಿದರೂ, ಆ ವ್ಯಕ್ತಿ ಎದ್ದು ಹೋಗಲು ಹವಣಿಸಿದರೆ ಸಂದರ್ಶನವನ್ನು ನಿಲ್ಲಿಸಬೇಕು.

ಏಳನೆಯ ಹಂತ: ಪ್ರಬಂಧದ ಪ್ರಶ್ನೆಯನ್ನು ಕಿರಿದುಗೊಳಿಸುವುದು

“ವೃದ್ಧರ ಸಮಸ್ಯೆಗಳು: ಒಂದು ಅಧ್ಯಯನ” ಎಂಬ ಶೀರ್ಷಿಕೆಯಿಂದ ಯಾವ ಹೊಸ ವಿಷಯವೂ ಹೊರಡುವುದಿಲ್ಲ. ಹಿರಿಯರೆಂದರೆ ವೃದ್ಧಾಶ್ರಮದವರು ಎಂಬ ಊಹೆಯನ್ನೂ ಕೈಬಿಡಬೇಕು. ನಮ್ಮಲ್ಲಿ ಬಹುಪಾಲು ಹಿರಿಯರು ಮನೆಗಳಲ್ಲಿಯೇ, ಅದರಲ್ಲಿಯೂ ಹಳ್ಳಿಗಳಲ್ಲಿ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ದಂಪತಿಗಳು ಕೊಯ್ಲಿನ ಕಾಲವನ್ನು ಹೇಗೆ ನಿಭಾಯಿಸುತ್ತಾರೆ, ಸಂಧ್ಯಾ ಸುರಕ್ಷಾ ಹಣ ಬ್ಯಾಂಕ್ ಖಾತೆಗೆ ಬಂದ ಮೇಲೆ ಅದನ್ನು ತೆಗೆಯುವವರು ಯಾರು ಮತ್ತು ಖರ್ಚನ್ನು ನಿರ್ಧರಿಸುವವರು ಯಾರು, ನಿವೃತ್ತ ಪೌರಕಾರ್ಮಿಕರ ಮೈಕೈ ನೋವು ಅವರ ದುಡಿಮೆಯ ಇತಿಹಾಸಕ್ಕೆ ಹೇಗೆ ಹೊಂದಿಕೊಂಡಿದೆ, ಇಂತಹ ಪ್ರಶ್ನೆಗಳನ್ನು ಒಂದು ಸೆಮಿಸ್ಟರಿನಲ್ಲಿ ಪ್ರಾಮಾಣಿಕವಾಗಿ ಉತ್ತರಿಸಬಹುದು. 2011ರಲ್ಲಿ ಏಳು ರಾಜ್ಯಗಳಲ್ಲಿ ನಡೆದ ವೃದ್ಧಾಪ್ಯದ ದೊಡ್ಡ ಸಮೀಕ್ಷೆಯೊಂದರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಪಾಲುದಾರನಾಗಿದ್ದರೂ ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ರಾಜ್ಯದ ಬಗ್ಗೆ ಬರೆಯಬೇಕಾದದ್ದು ಇನ್ನೂ ಬಹಳ ಉಳಿದಿದೆ ಎಂಬುದಕ್ಕೆ ಇದೊಂದು ಸೂಚನೆ.

ಎಂಟನೆಯ ಹಂತ: ಉದ್ಯೋಗ, ಪಿಎಚ್‌ಡಿ ಮತ್ತು ಹೊರದೇಶ

ಸರ್ಕಾರಿ ನೇಮಕಾತಿಗಳಲ್ಲಿ ವೃದ್ಧಾಪ್ಯತಜ್ಞ ಎಂಬ ಹುದ್ದೆ ಕಾಣಸಿಗುವುದು ವಿರಳ. 1978ರಿಂದ ಇರುವ ಹೆಲ್ಪ್‌ಏಜ್ ಇಂಡಿಯಾ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂತಹ ಸಂಸ್ಥೆಗಳು, ಹಿರಿಯರ ವಸತಿ ಸಮುಚ್ಚಯಗಳು, ಮನೆ ಆರೈಕೆಯ ಕಂಪನಿಗಳು ಮತ್ತು ಸಂಶೋಧನಾ ಯೋಜನೆಗಳು ಅವಕಾಶ ಕೊಡುವ ಮುಖ್ಯ ಕ್ಷೇತ್ರಗಳು. ಅಲ್ಲಿ ನಿಮ್ಮ ಮೂಲಶಾಸ್ತ್ರದ ಪದವಿಯೊಂದಿಗೆ ಹಿರಿಯರೊಡನೆ ಮಾಡಿದ ಕೆಲಸದ ದಾಖಲೆಯನ್ನೂ ನೋಡುತ್ತಾರೆ. ಪಿಎಚ್‌ಡಿಗೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಅಥವಾ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಫೆಲೋಶಿಪ್ ಮಾರ್ಗಗಳಿವೆ. ವಿಶ್ವವಿದ್ಯಾಲಯದ ಹೆಸರಿಗಿಂತ ಮಾರ್ಗದರ್ಶಕರು ಹಿಂದೆ ಯಾವ ಬಗೆಯ ಕೆಲಸ ಮಾಡಿಸಿದ್ದಾರೆ ಎಂಬುದನ್ನು ನೋಡಿ ಅರ್ಜಿ ಹಾಕಿ.

ಹೊರದೇಶಕ್ಕೆ ಹೋಗಬಯಸುವವರು ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಮತ್ತು ಅಮೆರಿಕದ ಸಾಮಾನ್ಯವಾಗಿ ಎರಡು ವರ್ಷದ ಮಾಸ್ಟರ್ಸ್ ನಡುವಿನ ವ್ಯತ್ಯಾಸವನ್ನು ಖರ್ಚಿನ ದೃಷ್ಟಿಯಿಂದ ಮಾತ್ರ ತೂಗಬಾರದು. ಒಂದು ವರ್ಷದ ಕೋರ್ಸಿನಲ್ಲಿ ಸ್ವಂತ ಕ್ಷೇತ್ರಕಾರ್ಯಕ್ಕೆ ಸಮಯ ಬಹಳ ಕಡಿಮೆ. ಲಂಡನ್ನಿನ ಕಿಂಗ್ಸ್ ಕಾಲೇಜು, ಕೆನಡಾದ ಸೈಮನ್ ಫ್ರೇಸರ್, ಜರ್ಮನಿಯ ಹೈಡೆಲ್‌ಬರ್ಗ್ ಈ ಶಾಸ್ತ್ರಕ್ಕೆ ಹೆಸರಾದವು. ಅಲ್ಲಿಂದ ಕರ್ನಾಟಕದಲ್ಲಿಯೇ ಆರೋಗ್ಯ ಸಂಬಂಧಿ ಸಂಶೋಧನೆ ಮಾಡುವ ಯೋಜನೆಯಿದ್ದರೆ, ಅಲ್ಲಿನ ನೈತಿಕ ಸಮಿತಿಯ ಒಪ್ಪಿಗೆಯ ಮೇಲೆ ಇಲ್ಲಿನ ಸಂಸ್ಥೆಯೊಂದರ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗಳು ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಹೋಗುತ್ತವೆ. ಈ ಕಾಗದಪತ್ರಗಳಿಗೆ ತಿಂಗಳುಗಳೇ ಹಿಡಿಯುವುದರಿಂದ, ಪ್ರವೇಶಪತ್ರ ಕೈಗೆ ಬಂದ ಕೂಡಲೇ ಇಲ್ಲಿನ ಮಾರ್ಗದರ್ಶಕರೊಬ್ಬರನ್ನು ಗೊತ್ತುಪಡಿಸಿಕೊಂಡು ಅರ್ಜಿಯ ಕರಡನ್ನು ಆರಂಭಿಸಿ.